ಡಿಕ್ಕಿಗೆ ಭಾರ ಬೇಕು

ಕಾಂಟೆಸ್ಸಾ ಕಾರನ್ನು ಈಗ ಹೊಗಳುವವರು ಜಾಸ್ತಿ. ಏನು ಗತ್ತು, ಎಂಥ ಸೀಟು, ಅಂಥ ಗಾಡಿ ಇನ್ನು ಬರ್ಲಿಕ್ಕಿಲ್ಲ ಅಂತೆಲ್ಲ ಹೇಳ್ತಾರೆ. ಹೇಳಲಿ. ಅವರ್ಯಾರೂ ಆಷಾಢದ ಮಳೆಗೆ ಅದನ್ನು ಬದಿಯಡ್ಕದ ಕಡೆಯ ಗುಡ್ಡೆ ಹತ್ತಿಸಿದವರಲ್ಲ.

ನಮ್ಮ ಚಿಕ್ಕಪ್ಪ ಹತ್ತಿಸಿದ್ದಾರೆ. ತೊಂಬತ್ತರ ದಶಕದ ಕೊನೆಗೆ ಅಡಕೆಗೆ ಒಳ್ಳೆ ರೇಟು ಬಂದ ಖುಷಿಯಲ್ಲಿ ಮಂಗಳೂರಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಬಿಳಿ ಕಾಂಟೆಸ್ಸಾ ತಂದರು. ಅಗ್ಗಕ್ಕೆ ಸಿಕ್ಕಿತು ಅಂತ ಊರೆಲ್ಲ ಹೇಳಿಕೊಂಡು ಬಂದರು. ಯಾಕೆ ಅಗ್ಗ ಅಂತ ಯಾರೂ ಕೇಳಲಿಲ್ಲ, ಪಾಪ.

ಅದರ ಜಾತಕವೇ ಹಾಗಿತ್ತು. ಇಂಗ್ಲೆಂಡಿನ ವಾಕ್ಸ್‌ಹಾಲ್‌ನವರು ಎಪ್ಪತ್ತರ ದಶಕದಲ್ಲಿ ಮಾಡಿ ಕೈಬಿಟ್ಟ ಮಾಡೆಲ್ಲನ್ನು ಹಿಂದುಸ್ತಾನ್ ಮೋಟರ್ಸ್‌ನವರು 1984ರಲ್ಲಿ ಇಲ್ಲಿ ಬಿಟ್ಟರು. ಮೊದಮೊದಲು ಒಳಗಿದ್ದದ್ದು ಅಂಬಾಸಿಡರಿನ 1.5 ಲೀಟರ್ ಎಂಜಿನ್, 50 ಕುದುರೆಶಕ್ತಿಯ ಆಸುಪಾಸು. ಆನೆಗೆ ಆಡಿನ ಎದೆ ಇಟ್ಟ ಹಾಗೆ. ಆಮೇಲೆ ಇಸುಜು 1.8 ಲೀಟರ್ ಎಂಜಿನ್ ಬಂದು ಮಾನ ಉಳಿಯಿತು ಅನ್ನಿ. ಆದರೆ 1991ರ ನಂತರ ಹೊರಗಿನ ಕಂಪನಿಗಳಿಗೆ ಬಾಗಿಲು ತೆರೆಯಿತು, ಎಸ್ಟೀಮ್ ಬಂತು, ಸಿಯೆಲೊ ಬಂತು, ಹಗುರ ಮೈಯ, ಪೆಟ್ರೋಲ್ ಕಡಿಮೆ ಕುಡಿಯುವ ಕಾರುಗಳು. ದುಡ್ಡಿದ್ದವರು ಅತ್ತ ಹೊರಳಿದರು. 2002ಕ್ಕೆ ಕಾಂಟೆಸ್ಸಾ ನಿಂತೇ ಹೋಯಿತು.

ನಮಗೆ ತೊಂದರೆ ಕೊಟ್ಟದ್ದು ಇದ್ಯಾವುದೂ ಅಲ್ಲ. ಅದು ಹಿಂದಿನ ಚಕ್ರದಿಂದ ತಳ್ಳುವ ಗಾಡಿ. ಎಂಜಿನಿನ ಭಾರವೆಲ್ಲ ಮುಂದೆ, ದುಡಿಯುವ ಚಕ್ರ ಹಿಂದೆ. ಟಾರು ರಸ್ತೆಯಲ್ಲಿ ಹಡಗಿನಂತೆ ಹೋಗ್ತಿದ್ದದ್ದು ನಮ್ಮ ಮನೆಯ ಏರಿಗೆ, ನೆನೆದ ಕೆಂಪು ಮಣ್ಣಿಗೆ ಬಂದ ಕೂಡಲೇ ಹಿಂದಿನ ಚಕ್ರ ಸುಮ್ನೆ ತಿರುಗುವುದು, ಬಾಲ ಮೆಲ್ಲಗೆ ಕಣಿಯ ಕಡೆ ವಾಲುವುದು, ಎದುರು ಬಾನೆಟ್ಟು ಮಾತ್ರ ಗಂಭೀರವಾಗಿ ಆಕಾಶ ನೋಡುವುದು.

ಡಿಕ್ಕಿಗೆ ಭಾರ ಹಾಕಿದರೆ ಚಕ್ರ ಹಿಡೀತದೆ ಅಂತ ಚಿಕ್ಕಪ್ಪನಿಗೆ ಯಾರೋ ಡ್ರೈವರ್ ಹೇಳಿದ. ಮಾತು ಸರಿಯೇ. ಅಡಕೆ ಗೋಣಿ ಹೇರಿದರು.

"ಅಡಕೆಗೆ ಬೂಸಲು ಬಂದ್ರೆ ನಿಮ್ಮ ಕಾರು ಮಾರಿದ್ರೂ ಅಷ್ಟು ದುಡ್ಡು ಹುಟ್ಟುದಿಲ್ಲ" ಅಂದರು ಚಿಕ್ಕಮ್ಮ. ಗೋಣಿ ಇಳಿಯಿತು. ಕೆಂಪುಕಲ್ಲು ಹೇರಿದರು, ತಿರುವಿನಲ್ಲಿ ಅದು ಒಳಗೆ ಉರುಳಾಡಿ ಗುಡುಗಿನ ಸದ್ದು. ಉಳಿದದ್ದು ನೆಂಟರು.

ಒಂದು ಉಪನಯನಕ್ಕೆ ಪೆರ್ಲದಿಂದ ಚಿಕ್ಕಮ್ಮನ ಅಣ್ಣ ಬಂದಿದ್ದರು. ಭಾರೀ ಆಳು. ಏರಿನ ಬುಡದಲ್ಲಿ ಕಾರು ನಿಂತಿತು. "ಭಾವ, ತಪ್ಪು ತಿಳೀಬೇಡಿ, ಒಂದು ಗಳಿಗೆ ಹಿಂದೆ ಡಿಕ್ಕಿ ಮೇಲೆ ಕೂತ್ಕೊಳ್ಳಿ" ಅಂದರು ಚಿಕ್ಕಪ್ಪ. ಭಾವ ಕೂತರು, ಎರಡೂ ಕಾಲು ಬಂಪರ್ ಮೇಲೆ, ಒಂದು ಕೈಯಲ್ಲಿ ಕೊಡೆ. ಚಕ್ರ ಹಿಡಿಯುವ ಮೊದಲು ಒಮ್ಮೆ ಜೋರಾಗಿ ತಿರುಗಿತು. ಬಿಳಿ ಪಂಚೆಯಲ್ಲಿ ಹತ್ತಿದವರು ಕಾವಿ ಉಟ್ಟವರ ಹಾಗೆ ಇಳಿದರು! ಕಾರೇನೋ ಮೇಲೆ ಬಂತು. ಬಡಿಸುವವನೊಬ್ಬ ಅವರನ್ನು ಯಾವುದೋ ಮಠದ ಸ್ವಾಮಿಗಳೆಂದು ತಿಳಿದು ಪ್ರತ್ಯೇಕ ಎಲೆ ಹಾಕಿದ.

ಮುಂದಿನ ಪೂಜೆಗೆ ಕರೆದಾಗ ಭಾವ ಹೇಳಿದ್ದು ಇಷ್ಟೇ: "ಬರ್ತೇನೆ. ಜೀಪಲ್ಲಿ."

ಅಡಕೆಯ ರೇಟು ಕುಸಿದ ಮೇಲೆ ಕಾರನ್ನು ಕೊಡಬೇಕಾಯಿತು. ಹಳೇ ಗಾಡಿಗಳ ಹುಚ್ಚಿನ ಕೋಝಿಕ್ಕೋಡಿನ ಒಬ್ಬರು ನೋಡಲು ಬಂದರು. ಸುತ್ತ ತಿರುಗಿ, ತಟ್ಟಿ, ಬಗ್ಗಿ, ಎಲ್ಲ ನೋಡಿದರು. ಡಿಕ್ಕಿಯ ಮುಚ್ಚಳ ನಡುವಿನಲ್ಲಿ ಇಷ್ಟು ತಗ್ಗಾದದ್ದು ಹೇಗೆ ಅಂತ ಕೇಳಿದರು.

"ನಮ್ಮಲ್ಲಿ ನೆಂಟರು ಜಾಸ್ತಿ" ಅಂದರು ಚಿಕ್ಕಪ್ಪ.