ಎಂಟು ಕೆಜಿಯೊಳಗೊಂದು ಪುಸ್ತಕ

ವಿಮಾನದಲ್ಲಿ ಕಾದಂಬರಿ ಓದಬಾರದು. ನಾಯಕಿ ಮನೆ ಬಿಟ್ಟು ಹೊರಡುವ ಹೊತ್ತಿಗೆ ಸರಿಯಾಗಿ ಊಟದ ಗಾಡಿ ಬರುತ್ತದೆ. ತಟ್ಟೆ ವಾಪಸ್ ಹೋಗುವಷ್ಟರಲ್ಲಿ ಕಿಟಕಿ ಪಕ್ಕದವರು ಬಾತ್‌ರೂಮಿಗೆ ಏಳುತ್ತಾರೆ, ಅವರಿಗೆ ದಾರಿ ಬಿಟ್ಟು, ಬೆಲ್ಟ್ ಬಿಚ್ಚಿ, ಮತ್ತೆ ಕೂತು, ಬೆಲ್ಟ್ ಹಾಕಿ, ಕನ್ನಡಕ ಎಲ್ಲಿ ಅಂತ ಹುಡುಕುವ ಹೊತ್ತಿಗೆ ನಾಯಕಿ ಯಾರು, ಅವಳ ನಾದಿನಿ ಯಾರು ಅನ್ನೋದೇ ಮರೆತಿರುತ್ತದೆ. ನಿಜ ಸಂಗತಿಯ ಪುಸ್ತಕಕ್ಕೆ ಈ ಕಷ್ಟ ಇಲ್ಲ. ಎಲ್ಲಿ ಬಿಟ್ಟರೂ ಆಯಿತು, ಎಲ್ಲಿಂದ ಹಿಡಿದರೂ ಆಯಿತು.

ಮಗಳ ಬಾಣಂತನಕ್ಕೆ ಶಿಕಾಗೋಗೆ ಹೊರಟಾಗ ಅಂಥದ್ದೊಂದು ಬೇಕಿತ್ತು. ದಾವಣಗೆರೆಯಿಂದ ಬೆಂಗಳೂರಿಗೇ ಸುಮಾರು 260 ಕಿ.ಮೀ. ಅಲ್ಲಿಂದ ಫ್ರಾಂಕ್‌ಫರ್ಟಿಗೆ ಹತ್ತಿರ ಹತ್ತಿರ 10 ಗಂಟೆ, ಮತ್ತೆ ಶಿಕಾಗೋಗೆ ಇನ್ನೊಂದು 9 ಗಂಟೆ. ಅಷ್ಟು ಹೊತ್ತೂ ನಮ್ಮ ಮನೆಯವರ ಗೊರಕೆ ಕೇಳಿಕೊಂಡು ಕೂರೋಕೆ ಆಗುತ್ತಾ?

ಪುಸ್ತಕದಂಗಡಿಗೆ ಹೋದೆ. "ಕಥೆ, ಕಾದಂಬರಿ ಬೇಡಪ್ಪ. ನಿಜ ಸಂಗತಿ ಇರೋದು ಕೊಡು" ಅಂದೆ. ಹುಡುಗ ಒಳಗೆ ಹೋಗಿ ಸಾಮಾನ್ಯ ಜ್ಞಾನದ ದಪ್ಪ ಗೈಡ್ ತಂದ.

"ಇದರಾಗಿರೋದೆಲ್ಲ ನಿಜಾನೇ ಅಕ್ಕಾರೆ. ಹಳೇ ಪ್ರಶ್ನೆಪತ್ರಿಕೆ, ಉತ್ತರ ಎಲ್ಲಾ ಹಾಕ್ಯಾರೆ."

"ನಾನು ಯಾವ ಪರೀಕ್ಷೆನೂ ಬರೆಯಲ್ಲ."

"ಮತ್ತೆ ಮಕ್ಕಳಿಗಾ?"

ನಮ್ಮೂರಲ್ಲಿ ಪುಸ್ತಕ ಕೊಳ್ಳೋರು ಒಂದೋ ಪಿಎಸ್‌ಐ ಪರೀಕ್ಷೆಗೆ ಓದುತ್ತಿರಬೇಕು, ಇಲ್ಲ ಕೆಎಎಸ್‌ಗೆ. ಐವತ್ತು ದಾಟಿದ ಹೆಂಗಸು ಸುಮ್ನೆ ಓದೋಕೆ ಅಂತ ಕೇಳಿದರೆ ಆ ಹುಡುಗನಾದರೂ ಏನು ಮಾಡಿಯಾನು? ಪಾಪ, ಸಕ್ಕರೆ ಕಾಯಿಲೆಯ ಪುಸ್ತಕವನ್ನೂ ತೋರಿಸಿದ. ಆರೋಗ್ಯದ ಪುಸ್ತಕದ ಗತಿ ನನಗೆ ಗೊತ್ತಿತ್ತು. ನನ್ನ ವಾರಗಿತ್ತಿ ಅಂಥದ್ದೊಂದನ್ನು ಹಿಡಿದು ಮಗನ ಮನೆಗೆ ಹೋಗಿದ್ದಳು. ತುಂಬಾ ಹೊತ್ತು ಕಾಲು ಆಡಿಸದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು ಅಂತ ಅದರಲ್ಲಿತ್ತಂತೆ. ಮಾತು ನಿಜವೇ. ಆದರೆ ಸಮುದ್ರದ ಮೇಲೆ, ನಡುರಾತ್ರಿ ಓದುವ ಮಾತಲ್ಲ. ಬೆಳಗಾಗುವವರೆಗೂ ಅವಳು ವಿಮಾನದ ಆ ತುದಿಯಿಂದ ಈ ತುದಿಗೆ ವಾಕಿಂಗ್ ಮಾಡಿದ್ದಾಳೆ.

ಅಳಿಯ ಫೋನಿನಲ್ಲಿ, "ಅತ್ತೆ, ನಿಮಗೊಂದು ಕಿಂಡಲ್ ಕೊಡಿಸ್ತೀನಿ, ಸಾವಿರಾರು ಪುಸ್ತಕ ಹಿಡಿಯುತ್ತೆ" ಅಂದರು. ಸಾವಿರದಲ್ಲಿ ಒಂದನ್ನು ಆರಿಸುವಷ್ಟರಲ್ಲಿ ಫ್ರಾಂಕ್‌ಫರ್ಟ್ ಬಂದಿರುತ್ತದೆ, ಬೇಡ. ಮೈದುನ ಷೇರು ಮಾರುಕಟ್ಟೆಯ ಪುಸ್ತಕ ತಂದುಕೊಟ್ಟ. ಅದು ನಿಜ ಸಂಗತಿಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ಅವನ ಹೆಂಡತಿಯನ್ನು ಕೇಳಬೇಕು.

ವಿಮಾನದ ಪುಸ್ತಕಕ್ಕೆ ನನ್ನದೇ ಒಂದು ಪರೀಕ್ಷೆ ಇದೆ. ನಮ್ಮೂರ ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ ನಿಂತು ಕಾದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಗೇಟ್ ಬಿದ್ದಾಗ ಸ್ಕೂಟರ್ ಮೇಲೆ ಕೂತು ತೆರೆದ ಪುಸ್ತಕ, ಗೇಟ್ ಎದ್ದು ಹಿಂದಿನವರು ಹಾರ್ನ್ ಹೊಡೆದರೂ ಬಿಡಿಸಿಕೊಳ್ಳದಿದ್ದರೆ ಅದು ಪಾಸು. ಜೊತೆಗೆ ಅಧ್ಯಾಯಗಳು ಚಿಕ್ಕವಿರಬೇಕು. ಒಂದೇ ಕೈಯಲ್ಲಿ ಹಿಡಿಯೋಕೆ ಬರಬೇಕು, ಯಾಕಂದ್ರೆ ಇನ್ನೊಂದು ಕೈಯಲ್ಲಿ ಕಾಫಿ ಇರುತ್ತದೆ.

ಮೊದಲು ಡಿ.ವಿ.ಜಿ.ಯವರ 'ಜ್ಞಾಪಕ ಚಿತ್ರಶಾಲೆ' ಅಂತ ಮನಸ್ಸು ಮಾಡಿದ್ದೆ. ಒಬ್ಬೊಬ್ಬರ ನೆನಪು ಒಂದೊಂದು ಬರಹ, ಎಲ್ಲಿ ಬೇಕಾದರೂ ತೆರೆಯಬಹುದು. ಆದರೆ 8 ಸಂಪುಟ. ನಮ್ಮ ಟಿಕೆಟ್ಟಿನಲ್ಲಿ ಕೈಚೀಲಕ್ಕೂ 8 ಕೆಜಿ. ಕೊನೆಗೆ ಅವರ ಮಗ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಆರಿಸಿದೆ. ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ಹುಡುಕುತ್ತಾ ಕಾಡು ಸುತ್ತಿದ ಪುಸ್ತಕ, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು. ಸಸ್ಯಶಾಸ್ತ್ರ ಅಂದ ಕೂಡಲೇ ಆಕಳಿಸಬೇಡಿ, ನಗು ಜಾಸ್ತಿ. ತೂಕದಲ್ಲಂತೂ ಮಗನೇ ಗೆದ್ದರು.

ಗೆದ್ದರೂ ಚೀಲದಲ್ಲಿ ಜಾಗ ಸಿಗಬೇಕಲ್ಲ. ಒಂದೊಂದು ಸೂಟ್‌ಕೇಸಿಗೆ 23 ಕೆಜಿ. ಅದರಲ್ಲಿ ಅಂಟಿನುಂಡೆ, ಒಣಕೊಬ್ಬರಿ, ಬಜೆ, ಮಗುವಿಗೆ ಹಳೇ ಸೀರೆಯ ದುಪ್ಪಟಿ, ಶೇಂಗಾ ಚಟ್ನಿಪುಡಿ. ಚಟ್ನಿಪುಡಿಯನ್ನು ಕೈಚೀಲಕ್ಕೆ ಹಾಕೋಣ ಅಂದರೆ, ಅಮೆರಿಕದ ವಿಮಾನದಲ್ಲಿ 350 ಮಿಲಿಗಿಂತ ಜಾಸ್ತಿ ಪುಡಿ ಕಂಡರೆ ಬಿಚ್ಚಿಸಿ ನೋಡುತ್ತಾರೆ, ಒಪ್ಪದಿದ್ದರೆ ಅಲ್ಲೇ ಬಿಟ್ಟು ಹೋಗಬೇಕು. ನಮ್ಮ ಮನೆಯವರು ತಕ್ಕಡಿ ಕೊಕ್ಕೆ ಹಿಡಿದು ನಿಂತು, "ಬಾಣಂತನಕ್ಕೆ ಹೋಗೋಳಿಗೆ ಪುಸ್ತಕ ಯಾಕೆ? ಇದನ್ನ ತೆಗೆದರೆ ಇನ್ನೊಂದು ಪಾಕೆಟ್ ಮಂಡಕ್ಕಿ ಹೋಗುತ್ತೆ" ಅಂದರು. ಪುಸ್ತಕ ಕೈಚೀಲ ಸೇರಿತು, ಮಂಡಕ್ಕಿ ಮನೆಯಲ್ಲೇ ಉಳಿಯಿತು. ಮನುಷ್ಯ ಚಿತ್ರದುರ್ಗ ದಾಟುವವರೆಗೂ ಮಾತಾಡಲಿಲ್ಲ.

ಬೆಂಗಳೂರಿನ ತಪಾಸಣೆಯಲ್ಲಿ ನನ್ನ ಚೀಲ ಪಕ್ಕಕ್ಕೆ ಹೋಯಿತು. ಅಧಿಕಾರಿ ಪುಸ್ತಕ ತೆಗೆದು, ಪುಟ ಹಾರಿಸಿ, ತಲೆಕೆಳಗು ಮಾಡಿ ಒದರಿದರು. ಟ್ರೇ ತುಂಬಾ ಅರಿಶಿನದ ಭಂಡಾರ! ದುಗ್ಗಮ್ಮನ ಗುಡಿಯಿಂದ ತಂದ ಪೊಟ್ಟಣವನ್ನು ನಮ್ಮ ಅತ್ತೆ, ಭದ್ರವಾಗಿರಲಿ ಅಂತ ಪುಸ್ತಕದ ನಡುವೆ ಸಿಕ್ಕಿಸಿದ್ದರು. ನನಗೇ ಗೊತ್ತಿರಲಿಲ್ಲ. ಹಿಂದೆ ಬರುತ್ತಿದ್ದ ಯಾರದೋ ಬಿಳಿ ಲ್ಯಾಪ್‌ಟಾಪ್ ಅರಿಶಿನ ಹಚ್ಚಿಕೊಂಡಿತು. ಅಧಿಕಾರಿ ಬೆರಳು ಮೂಸಿ ನೋಡಿ ಪುಸ್ತಕ ವಾಪಸ್ ಕೊಟ್ಟರು. ನಮ್ಮ ಮನೆಯವರು ಮೆಲ್ಲಗೆ, "ಮಂಡಕ್ಕಿ ಆಗಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ" ಅಂದರು.

ವಿಮಾನ ಏರಿ, ದೀಪ ಆರಿಸಿ, ತಲೆ ಮೇಲಿನ ಚಿಕ್ಕ ಬೆಳಕಲ್ಲಿ ಓದತೊಡಗಿದೆ. ಚೆನ್ನಾಗಿತ್ತು. ಚೆನ್ನಾಗಿದ್ದಿದ್ದೇ ತೊಂದರೆ. ಎಲ್ಲರೂ ಮಲಗಿದ ಹೊತ್ತಲ್ಲಿ ಒಬ್ಬಳೇ ಕಿಸಕ್ ಅಂತ ನಕ್ಕೆ. ಪಕ್ಕದ ಸೀಟಿನ ಹೊಸದುರ್ಗದ ಅಜ್ಜಿ ಕಂಬಳಿ ಸರಿಸಿ ನೋಡಿದರು.

"ಏನವ್ವ ಅದು, ಒಬ್ಬಳೇ ನಗ್ತೀಯ? ನೋಡಾಣ ಕೊಡು."

ದೊಡ್ಡವರು, ಕೊಟ್ಟೆ. ಎರಡು ಸಾಲಿಗೊಮ್ಮೆ ನನ್ನ ತೋಳು ತಿವಿದರು. ಯಾವುದೋ ಗಿಡದ ಹೆಸರು ಬಂದರೆ ಅದು ಯಾವ ನೋವಿಗೆ ಆಗುತ್ತದೆ, ಅವರ ತೋಟದ ಬೇಲಿಯಲ್ಲಿ ಎಷ್ಟಿತ್ತು, ಅದನ್ನು ಕಿತ್ತು ಹಾಕಿದ ಸೊಸೆ ಯಾರು, ಎಲ್ಲ ಬಂತು. ಸೊಸೆಯ ಭಾಗ ಉದ್ದವಿತ್ತು. ಆಮೇಲೆ ಅಜ್ಜಿ ಮಾತು ನಿಲ್ಲಿಸಿ ಓದಿಗೆ ಇಳಿದರು. ಊಟ ಬಂದರೂ ಪುಸ್ತಕ ಕೆಳಗಿಡಲಿಲ್ಲ, ಒಂದೇ ಕೈಯಲ್ಲಿ ಹಿಡಿದುಕೊಂಡೇ ಬನ್ ತಿಂದರು.

ಫ್ರಾಂಕ್‌ಫರ್ಟಿನಲ್ಲಿ ಇಳಿಯುವಾಗ ಕೈಚಾಚಿದೆ. ಅಜ್ಜಿ ಪುಸ್ತಕವನ್ನು ತಮ್ಮ ಚೀಲಕ್ಕೆ ತುರುಕಿದರು. "ಇನ್ನ ಸ್ವಲ್ಪ ಐತೆ ಕಣವ್ವ. ಮಗಳ ಮನೆ ವಿಳಾಸ ಕೊಡು, ನನ್ನ ಮಗನ ಕೈಲಿ ಪೋಸ್ಟ್ ಮಾಡಿಸ್ತೀನಿ."

ಶಿಕಾಗೋ ವಿಮಾನದಲ್ಲಿ ಓದೋಕೆ ಸಿಕ್ಕಿದ್ದು ಎದುರು ಸೀಟಿನ ಜೇಬಿನಲ್ಲಿದ್ದ ಸುರಕ್ಷತೆಯ ಕಾರ್ಡ್ ಮಾತ್ರ. ಅದೂ ಕಥೆಯಲ್ಲ. ಹಗುರ, ಚಿತ್ರ ಜಾಸ್ತಿ, ಎಲ್ಲಿಂದ ಬೇಕಾದರೂ ಶುರು ಮಾಡಬಹುದು. ತುರ್ತಿನಲ್ಲಿ ಜಾರುಬಂಡೆಗೆ ಇಳಿಯುವಾಗ ಹೈಹೀಲ್ಸ್ ಬಿಚ್ಚಿಡಬೇಕು ಅಂತ ಚಿತ್ರ ಬಿಡಿಸಿದ್ದರು. ಒಬ್ಬಳಿಗೇ ಗೊತ್ತಿದ್ದರೆ ಸಾಲದು ಅಂತ ನಮ್ಮ ಮನೆಯವರನ್ನು ಅಲುಗಾಡಿಸಿ ಹೇಳಿದೆ.

"ನಾನು ಹೈಹೀಲ್ಸ್ ಹಾಕ್ಕೊಂಡಿಲ್ಲ ಕಣೆ" ಅಂತ ಆ ಕಡೆ ಹೊರಳಿದರು.