ಮೇಕೆದಾಟು: ಮೊದಲು ಯಾವ ಹಕ್ಕಿಯ ಲೆಕ್ಕ?

ಕಾವೇರಿಗೆ ಅಣೆಕಟ್ಟೆ ಕಟ್ಟಿ ಬೆಂಗಳೂರಿಗೆ ನೀರು ಕೊಡುವ ಮೇಕೆದಾಟು ಯೋಜನೆಯ ಚರ್ಚೆ 67 ಟಿಎಂಸಿ ನೀರು, 400 ಮೆಗಾವಾಟ್ ವಿದ್ಯುತ್ ಮತ್ತು ತಮಿಳುನಾಡಿನ ತಕರಾರುಗಳಲ್ಲೇ ಮುಗಿದುಹೋಗುತ್ತದೆ. ಮುಳುಗಲಿರುವ ಸುಮಾರು 5,000 ಹೆಕ್ಟೇರ್‌ಗಳಲ್ಲಿ 3,000ಕ್ಕೂ ಹೆಚ್ಚು ಹೆಕ್ಟೇರ್ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು. ಹಕ್ಕಿಗಳ ಮಾತೆತ್ತಿದರೆ, ‘ಹಿನ್ನೀರು ನಿಂತರೆ ಇನ್ನಷ್ಟು ಹಕ್ಕಿ ಬರುತ್ತವಲ್ಲ’ ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಬರುತ್ತವೆ, ನಿಜ. ಆದರೆ ಹಾಗೆ ಬರುವ ನೀರುಕಾಗೆ, ನಾಮದ ಕೋಳಿ, ಬಾತುಗಳಿಗೆ ಹಳೆ ಮೈಸೂರು ಸೀಮೆಯ ತುಂಬ ಕೆರೆಗಳಿವೆ. ಹರಿಯುವ ಹೊಳೆಯನ್ನೇ ನಂಬಿದ ಹಕ್ಕಿಗೆ ಇನ್ನೊಂದು ಕಾವೇರಿ ಇಲ್ಲ. ಆದ್ದರಿಂದ ಆದ್ಯತೆಯನ್ನು ಪ್ರಭೇದಗಳ ಸಂಖ್ಯೆಯಿಂದ ಅಳೆಯದೆ, ಬೇರೆಲ್ಲೂ ನೆಲೆ ಸಿಗದ ಹಕ್ಕಿ ಯಾವುದು ಎಂಬುದರಿಂದ ಅಳೆಯಬೇಕೆಂಬುದು ನನ್ನ ವಾದ.

ಕಿರಿಯ ಮೀನುಗಿಡುಗವನ್ನೇ ತೆಗೆದುಕೊಳ್ಳಿ. ಹಿಮಾಲಯದ ತಪ್ಪಲಿನ ಹೊಳೆಗಳ ಹಕ್ಕಿಯೆಂದೇ ಹೆಸರಾದ ಇದು ದಕ್ಷಿಣದಲ್ಲಿ ಕಾವೇರಿಯ ಈ ಕಾಡುದಂಡೆಯನ್ನೂ ನೆಚ್ಚಿಕೊಂಡಿದೆ. ನೀರಿನ ಮೇಲೆ ಬಾಗಿದ ಹೊಳೆಮತ್ತಿಯ ಕೊಂಬೆಯಲ್ಲಿ ಕುಳಿತು, ಕೆಳಗೆ ಹರಿಯುವ ನೀರಿನ ಮೀನಿಗೆ ಎರಗುವುದು ಇದರ ರೀತಿ. ನೀರು ನಿಂತ ಮೇಲೆ ಆ ಮರಗಳು ನಿಂತಲ್ಲೇ ಕೊಳೆಯುತ್ತವೆ. ಪರಿಹಾರವಾಗಿ ಎಲ್ಲೋ ಕಂದಾಯ ಭೂಮಿಯಲ್ಲಿ ನೆಟ್ಟ ಸಸಿ ಹೊಳೆದಂಡೆಯ ಹೆಮ್ಮರವಾಗುವುದಿಲ್ಲ; ಕಡತದಲ್ಲಿ ಮಾತ್ರ ಲೆಕ್ಕ ಸರಿಹೋಗುತ್ತದೆ.

ಹಳದಿ ಕೊರಳಿನ ಪಿಕಳಾರದ ಕಥೆ ಬೇರೆ. ದಕ್ಷಿಣ ಭಾರತದ ಬಂಡೆಗುಡ್ಡಗಳಿಗೇ ಸೀಮಿತವಾದ, ಅಪಾಯದ ಅಂಚಿನಲ್ಲಿರುವ ಈ ಹಕ್ಕಿಯ ನೆಲೆಯನ್ನು ಮುಳುಗಡೆ ನಕ್ಷೆಯಲ್ಲಿ ಹುಡುಕಿದರೆ ಸಾಲದು. ಅಣೆಕಟ್ಟೆಗೆ ಜಲ್ಲಿ ಯಾವ ಗುಡ್ಡದಿಂದ ಬರುತ್ತದೆ, ಲಾರಿಗಳ ರಸ್ತೆ ಎಲ್ಲಿ ಹಾಯುತ್ತದೆ ಎಂಬುದನ್ನು ಕೇಳಬೇಕು. ಕಲ್ಲುಗಣಿಯ ಜಾಗ ನಿಗದಿಯಾಗುವ ಮುನ್ನವೇ ಗುಡ್ಡಗಳ ಸಮೀಕ್ಷೆ ಮುಗಿದಿರಬೇಕು.

ಜಲಾಶಯದಿಂದ ಯಾವ ಹೊಳೆಹಕ್ಕಿಗೂ ಲಾಭವಿಲ್ಲವೆಂದು ನಾನು ಹೇಳುತ್ತಿಲ್ಲ. ಭದ್ರಾ ಹಿನ್ನೀರಿನಲ್ಲಿ ಬೇಸಿಗೆಗೆ ನೀರಿಳಿದಾಗ ತಲೆಯೆತ್ತುವ ನಡುಗಡ್ಡೆಗಳ ಮೇಲೆ ರಿವರ್ ಟರ್ನ್‌ಗಳು ಬರಿನೆಲದಲ್ಲೇ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಆದರೆ ಅಲ್ಲಿ ಎಲ್ಲವೂ ನೀರಿನ ಮಟ್ಟದ ಮೇಲೆ ನಿಂತಿದೆ: ಹಠಾತ್ತನೆ ಏರಿದರೆ ಮೊಟ್ಟೆ ಮುಳುಗುತ್ತದೆ, ತೀರ ಇಳಿದು ನಡುಗಡ್ಡೆ ದಡಕ್ಕೆ ಕೂಡಿಕೊಂಡರೆ ನಾಯಿ, ನರಿಗಳಿಗೆ ದಾರಿಯಾಗುತ್ತದೆ. ಬೆಂಗಳೂರಿಗೆ ನೀರು ಬೇಕೆಂಬುದನ್ನು ಒಪ್ಪಿಯೇ ಕೇಳುತ್ತಿದ್ದೇನೆ: ಹಕ್ಕಿ ಸಮೀಕ್ಷೆಯನ್ನು ಚಳಿಗಾಲದ ಒಂದು ಸುತ್ತಿಗೆ ಮುಗಿಸದೆ ಬೇಸಿಗೆಯ ಗೂಡುಕಾಲದಲ್ಲೂ ನಡೆಸಲಿ, ಯೋಜನೆಗೆ ಒಪ್ಪಿಗೆ ಸಿಗುವುದೇ ಆದರೆ ಆ ತಿಂಗಳುಗಳ ನೀರಿನ ಮಟ್ಟಕ್ಕೆ ಮಿತಿ ಹಾಕುವ ಷರತ್ತು ಒಪ್ಪಿಗೆಪತ್ರದಲ್ಲೇ ಇರಲಿ.