ಕೊಡೆಗೆ ಕೃತಜ್ಞತೆ

ಹಬ್ಬದ ಊಟ ಮುಗಿಸಿ, ಗೋಡೆಗೆ ಒರಗಿ ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ ಅಕ್ಕನ ಮಗಳು ಚಪ್ಪಾಳೆ ತಟ್ಟಿದಳು. ಎಲ್ಲರೂ ದುಂಡಗೆ ಕೂರಬೇಕಂತೆ. ಒಬ್ಬೊಬ್ಬರೂ ಇನ್ನೊಬ್ಬರಿಗೆ, ಯಾವುದಕ್ಕೆ ಎಂದು ಬಿಡಿಸಿ ಹೇಳಿ, ಕೃತಜ್ಞತೆ ಸಲ್ಲಿಸಬೇಕಂತೆ. ನಿದ್ದೆಗಣ್ಣಿನಲ್ಲಿ ಸಲ್ಲಿಸಿದ್ದು ಯಾರಿಗೆ ತಲುಪುತ್ತದೋ ನಾ ಕಾಣೆ. ಹಿರಿಯರೆಲ್ಲ ಗಂಟಲು ಸರಿಮಾಡಿಕೊಂಡು, ವಂದನಾರ್ಪಣೆಗೆ ಎದ್ದು ನಿಂತವರ ಮುಖ ಮಾಡಿಕೊಂಡರು.

ಭಾವನ ಸರದಿ ಬಂತು. ಅವರು ನನ್ನತ್ತ ತಿರುಗಿದಾಗ ನೆಟ್ಟಗೆ ಕುಳಿತೆ. ಬೀರುವಿನ ಮಾತು ಬಂದೇ ಬರುತ್ತದೆ ಎಂದುಕೊಂಡೆ. ಅವರ ಬೆನ್ನ ಹಿಂದೆಯೇ, ಒಳಕೋಣೆಯ ಬಾಗಿಲಿನಿಂದ ಅದು ಇಣುಕುತ್ತಿತ್ತು.

ಹನ್ನೆರಡು ವರ್ಷದ ಹಿಂದೆ ಭಾವ ಈ ಮನೆಗೆ ಬಂದರು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಸಾಮಾನು ಹೊರುವವರು ಎರಡು ಬಾಗಿಲಿನ ಆ ಉಕ್ಕಿನ ಬೀರುವನ್ನೊಮ್ಮೆ, ಮೆಟ್ಟಿಲನ್ನೊಮ್ಮೆ ನೋಡಿ ಹೊರಟುಹೋದರು. ಉಳಿದವನು ನಾನು. ಕೆಳತುದಿ ನನ್ನ ಪಾಲಿಗೆ ಬಂತು. ಭಾರವೆಲ್ಲ ಕೆಳಗಿನವನ ಮೇಲೆಯೇ ಬೀಳುತ್ತದೆಂದು ಮೇಲ್ತುದಿ ಹಿಡಿದ ಭಾವನಿಗೆ ಮೊದಲೇ ಗೊತ್ತಿತ್ತೆಂಬ ಅನುಮಾನ ನನಗೆ ಇವತ್ತಿಗೂ ಇದೆ. ಎರಡನೇ ತಿರುವಿನಲ್ಲಿ ಅದು ಕಂಬಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತು. ಮುಕ್ಕಾಲು ಗಂಟೆ ಬೆನ್ನು ಕೊಟ್ಟು ನಿಂತೆ. ಭಾವ ಮೇಲಿನಿಂದ "ಸ್ವಲ್ಪ ಎಡಕ್ಕೆ, ಸ್ವಲ್ಪ ಎಡಕ್ಕೆ" ಎನ್ನುತ್ತಿದ್ದರು. ಯಾರ ಎಡ ಎಂದು ಹೇಳಲಿಲ್ಲ. ಅಷ್ಟರಲ್ಲಿ ಬೀಗ ಹಾಕದ ಬಾಗಿಲು ತೆರೆದುಕೊಂಡು, ಒಳಗಿನಿಂದ ಒಂದು ಹ್ಯಾಂಗರ್ ಜಾರಿ ಬಂದು ನನ್ನ ಅಂಗಿಯ ಕಾಲರಿಗೆ ಬಿರುದಿನಂತೆ ತಗುಲಿಕೊಂಡಿತು. ಅಂದು ಹಿಡಿದ ಸೊಂಟ ಪ್ರತಿ ಚಳಿಗಾಲದಲ್ಲೂ ತಪ್ಪದೆ ಹಾಜರಿ ಹಾಕುತ್ತದೆ.

ಭಾವ ಹೇಳಿದರು: "ಒಂದು ಸಲ ಮಳೆಯಲ್ಲಿ ನನಗೆ ಕೊಡೆ ಕೊಟ್ಟಿದ್ದೆಯಲ್ಲ, ಅದನ್ನು ಮರೆಯುವ ಹಾಗಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಕೊಟ್ಟಿದ್ದನ್ನು ಮರೆತಿಲ್ಲ, ಸರಿ. ವಾಪಸು ಕೊಡುವುದನ್ನು ಮರೆತಿದ್ದಾರೆ.

2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಥ ಹೊತ್ತಿನಲ್ಲಿ ನನ್ನ ಕೈ ಹಿಡಿಯುತ್ತದೆ. ಐದು ಖಂಡಗಳ ಎಂಟು ಭಾಷೆಗಳಲ್ಲಿ ಮನೆಯವರು, ನೆಂಟರು, ಗೆಳೆಯರು ದಿನನಿತ್ಯ ಹೇಗೆ ಮಾತಾಡುತ್ತಾರೆಂದು ಭಾಷಾವಿಜ್ಞಾನಿಗಳು ಕೂತು ನೋಡಿದರು. ಕೇಳಿದ್ದನ್ನು ಎತ್ತಿ ಕೊಟ್ಟಾಗ, ಹೇಳಿದ ಕೆಲಸ ಮಾಡಿದಾಗ ಬಾಯಿಬಿಟ್ಟು ಥ್ಯಾಂಕ್ಸ್ ಹೇಳಿದ್ದು ಸುಮಾರು 20ರಲ್ಲಿ ಒಂದು ಸಲ. ಈಕ್ವೆಡಾರಿನ ಚಾಪಲಾ ಭಾಷೆಯಲ್ಲಂತೂ ಅದಕ್ಕೊಂದು ರೂಢಿಯ ಮಾತೇ ಇಲ್ಲ. ಹಾಗೆಂದು ಅಲ್ಲಿಯವರು ಒಬ್ಬರ ಬೀರು ಇನ್ನೊಬ್ಬರು ಹೊರುವುದನ್ನೇನೂ ಬಿಟ್ಟಿರಲಾರರು. ಅಷ್ಟೇಕೆ, ಕೃತಜ್ಞ ಎಂದರೆ ಮಾಡಿದ್ದನ್ನು ತಿಳಿದವನು. ಹೇಳಿದವನು ಎಂದು ಯಾವ ನಿಘಂಟೂ ಹೇಳುವುದಿಲ್ಲ. ಇಷ್ಟನ್ನೂ ಹುಡುಗಿಗೆ ವಿವರಿಸಿ ತಪ್ಪಿಸಿಕೊಳ್ಳೋಣವೆಂದು ಬಾಯಿ ತೆರೆದೆ.

"ಮಾವ, ಈಗ ನಿಮ್ಮ ಸರದಿ" ಎಂದಳು.

"ಎಲ್ಲರಿಗೂ" ಎಂದೆ. "ಎಲ್ಲದಕ್ಕೂ."

"ಅದು ಲೆಕ್ಕಕ್ಕಿಲ್ಲ."

ಹೊರಡುವಾಗ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಬಗ್ಗಲೋ ಬೇಡವೋ ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. ಭಾವ ಹಿಂದಿನಿಂದ ಬಂದು, ರಾಶಿಯಲ್ಲಿ ನನ್ನ ಜೋಡಿಯನ್ನು ಗುರುತಿಸಿ, ತಮ್ಮ ಕಾಲಿನಿಂದ ಒಂದೊಂದಾಗಿ ನನ್ನ ಮುಂದಕ್ಕೆ ಸರಿಸಿದರು. ಅವರೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಎಡಗಾಲಿನದನ್ನು ಬಲಕ್ಕೆ ಇಟ್ಟಿದ್ದರು.